ಮುಂಡಪ್ಪಣ್ಣನ ಅವಧಿ ಮುಗಿದದ್ದು ಮತ್ತು ಶಹನಾಝಳ ಓದು

ಮಡಂತ್ಯಾರಿನ ಶಹನಾಝಳನ್ನು ನಾನು ಮೊದಲ ಬಾರಿ ಕಂಡದ್ದು ಅವಳಿಗೆ ಬೈಯುವುದಕ್ಕೆಂದು ಹೋದಾಗ. ಬೈಗುಳಕ್ಕೆ ಬೇಕಾದ ಶಬ್ದಗಳನ್ನೆಲ್ಲ ಸಿದ್ಧಕಟ್ಟೆಯ ತಿರುವುಗಳಲ್ಲಿ ಬಸ್ಸಿನೊಳಗೇ ಹೊಂದಿಸಿ ಇಟ್ಟುಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಬದಲಿಗೆ, ನಾನು ಇಪ್ಪತ್ತೈದು ವರ್ಷ ಬರೆದ ಹಾಸ್ಯ ಲೇಖನಗಳು ಯಾವ ಉಪಯೋಗಕ್ಕೆ ಬಂದಿದ್ದವು ಎಂಬುದು ಆ ದಿನ ತಿಳಿಯಿತು. ಆ ಆಘಾತದಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಆದರೆ ಅದು ಎರಡನೆಯ ಆಘಾತ. ಮೊದಲನೆಯದು ನಮ್ಮೂರು ನರಿಕೊಂಬಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಆದದ್ದು.

ಬಿ.ಸಿ.ರೋಡಿನ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದಗಳ ಪ್ರೂಫ್ ತಿದ್ದುವುದು ನನ್ನ ಉದ್ಯೋಗ. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ನಗಿಸುವುದು ನನ್ನ ಚಟ. ಈ ಎರಡರಿಂದಾಗಿ ನೆರೆಕರೆಯವರಲ್ಲಿ ನನಗೆ ಕನ್ನಡ ಗೊತ್ತು ಎಂಬ ಒಂದು ಅಭಿಪ್ರಾಯ ಹುಟ್ಟಿಕೊಂಡಿದೆ. ಆದ್ದರಿಂದಲೇ ಆ ಬೆಳಿಗ್ಗೆ ಪಕ್ಕದ ಮನೆಯ ಕಾಂತಿ ನನಗೆ ಫೋನ್ ಮಾಡಿದಳು.

"ಒಮ್ಮೆ ಬೇಗ ಬನ್ನಿ ಮಾರಾಯ್ರೆ. ಮಾವನಿಗೆ ಆಸ್ಪತ್ರೆಯಿಂದ ಏನೋ ಬಂದಿದೆ. ಕನ್ನಡದಲ್ಲಿ ಉಂಟು."

ಅವಳ ಮಾವ ಮುಂಡಪ್ಪಣ್ಣ ಮೂವತ್ತು ವರ್ಷ ಮುಂಬೈಯಲ್ಲಿ ಹೋಟೆಲ್ ನಡೆಸಿದವರು. ಉರಿಯುವ ಒಲೆ, ಜಗಳಾಡುವ ಅಡುಗೆಯವರು, ತಟ್ಟೆಯಲ್ಲಿ ಜಿರಳೆ ತೋರಿಸುವ ಗಿರಾಕಿಗಳು, ಯಾವುದಕ್ಕೂ ಹೆದರಿದ ಮನುಷ್ಯ ಅಲ್ಲ. ನಾನು ಹೋದಾಗ ಅವರು ಮಿಂದು, ಬಿಳಿ ಪಂಚೆ ಉಟ್ಟು, ಜಗಲಿಯ ಕುರ್ಚಿಯಲ್ಲಿ ನದಿಯ ಕಡೆ ಮುಖ ಮಾಡಿ ಕುಳಿತಿದ್ದರು. ಹತ್ತೂವರೆಯೊಳಗೆ ಅವರು ಮಿಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಓದಿ ಸಾಹಿತಿಗಳೇ," ಎಂದು ಫೋನ್ ಕೊಟ್ಟರು. "ಗಟ್ಟಿಯಾಗಿ ಬೇಡ. ಕಾಂತಿ ಈಗ ತಾನೇ ಅತ್ತು ಮುಗಿಸಿದ್ದಾಳೆ."

ಹಿಂದಿನ ದಿನ ಅವರು ಬಂಟ್ವಾಳದ ಒಂದು ಆಸ್ಪತ್ರೆಯಲ್ಲಿ ಹೃದಯದ ಪರೀಕ್ಷೆ ಮಾಡಿಸಿ ಬಂದಿದ್ದರು. ರಿಪೋರ್ಟ್ ಇನ್ನು ಕಾಗದದಲ್ಲಿ ಇಲ್ಲ, ಫೋನಿಗೇ ಬರುತ್ತದೆ ಎಂದಿದ್ದರು. ದುಬೈಯಲ್ಲಿರುವ ಮಗ ಜಿತೇಶ್ ಅಲ್ಲಿಂದಲೇ ಹೇಳಿಕೊಟ್ಟು, ಕಾಂತಿಯ ಕೈಯಿಂದ ಆಸ್ಪತ್ರೆಯ ಆ್ಯಪ್ ಹಾಕಿಸಿದ್ದ. ಮುಂಡಪ್ಪಣ್ಣ ಬೆಳಿಗ್ಗೆ ಅದರಲ್ಲಿ ತಮ್ಮ ಹೆಸರು, ಹುಟ್ಟಿದ ದಿನ ಎಲ್ಲ ತುಂಬಿಸುತ್ತ ಇದ್ದವರು ನಡುವೆ ಚಾ ಕುಡಿಯಲು ಎದ್ದಿದ್ದರು. ಮರಳಿ ಬಂದಾಗ ಪರದೆಯಲ್ಲಿ ಹೀಗಿತ್ತು:

'ನಿಮ್ಮ ಅವಧಿ ಮುಗಿದಿದೆ. ದಯವಿಟ್ಟು ನಿರ್ಗಮಿಸಿ.'

ಅದು ಯಾರಿಗೆ ಬರೆದದ್ದೆಂದು ಹೆಸರು ಹುಡುಕಿದೆ. ನಾನೂ ಐವತ್ತೈದು ದಾಟಿದವನು.

"ಮುಂಡಪ್ಪಣ್ಣ, ಆಸ್ಪತ್ರೆಯವರು ಹೀಗೆಲ್ಲ ಬರೆಯುವುದಿಲ್ಲ," ಎಂದೆ.

"ಬರೆದಿದ್ದಾರಲ್ಲ."

"ಯಾರೋ ತಮಾಷೆ ಮಾಡಿರಬೇಕು."

"ತಮಾಷೆ ಆದ್ರೆ ತುಳುವಿನಲ್ಲಿ ಮಾಡ್ತಿದ್ರು. ಇದು ಕನ್ನಡದಲ್ಲಿ ಉಂಟು. ಕನ್ನಡದಲ್ಲಿ ಬರೆದು ಬಂದದ್ದು ಅಂದ್ರೆ ಆಫೀಸಿನಿಂದಲೇ ಬಂದದ್ದು."

ನಮ್ಮ ಕಡೆ ಜಗಳ, ಪ್ರೀತಿ, ಮೀನಿನ ಚರ್ಚೆ ಎಲ್ಲ ತುಳುವಿನಲ್ಲಿ. ಶಾಲೆಯ ಮಾರ್ಕು, ಕೋರ್ಟಿನ ಸಮನ್ಸು, ಕರೆಂಟ್ ಕಡಿಯುವ ನೋಟೀಸು ಕನ್ನಡದಲ್ಲಿ. ಕನ್ನಡದಲ್ಲಿ ಬಂದದ್ದನ್ನು ನಾವು ನಂಬುತ್ತೇವೆ, ನಂಬಿ ಹೆದರುತ್ತೇವೆ.

"ದಯವಿಟ್ಟು ಅಂತ ಬೇರೆ ಹಾಕಿದ್ದಾರೆ," ಎಂದಳು ಕಾಂತಿ ಮೂಗೊರೆಸಿಕೊಳ್ಳುತ್ತ. "ಮರ್ಯಾದಿಯವರು ಪಾಪ."

ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಆದರೆ ಪ್ರೂಫ್ ತಿದ್ದುವವನಿಗೆ ಶಬ್ದ ಸಿಕ್ಕಿದರೆ ನಾಯಿಗೆ ಚಪ್ಪಲಿ ಸಿಕ್ಕಿದ ಹಾಗೆ. "ಅವಧಿ ಅಂದ್ರೆ ಆಯುಷ್ಯವೇ ಆಗ್ಬೇಕಂತ ಇಲ್ಲ," ಎಂದು ವಿವರಿಸಿದೆ. "ಪಂಚಾಯತ್ ಸದಸ್ಯರದ್ದೂ ಅವಧಿಯೇ."

"ನಾನು ಯಾವಾಗ ಎಲೆಕ್ಷನಿಗೆ ನಿಂತೆ?"

"ಔಷಧಕ್ಕೂ ಒಂದು ಅವಧಿ ಇರ್ತದೆ..."

"ಎಕ್ಸ್‌ಪೈರಿ ಡೇಟು," ಎಂದರು ಮುಂಡಪ್ಪಣ್ಣ ಶಾಂತವಾಗಿ. "ನಾನೂ ಅದೇ ಹೇಳ್ತಿರುವುದು."

ಇನ್ನು ಮಾತಿನಿಂದ ಆಗುವುದಿಲ್ಲ ಎಂದು ಪರದೆಯ ಕೆಳಗಿದ್ದ 'ಸರಿ' ಎಂಬುದನ್ನು ಒತ್ತಿದೆ. ಒಂದು ಚಕ್ರ ತಿರುಗಿತು. ತಿರುಗಿ ನಿಂತಾಗ ಹೀಗೆ ಬಂತು:

'ಕ್ಷಮಿಸಿ. ಮುಂಡಪ್ಪ ಅವರನ್ನು ಉಳಿಸಲು ಸಾಧ್ಯವಾಗಲಿಲ್ಲ.'

ಅದರ ಕೆಳಗೆ ಎರಡು ಗುಂಡಿ. ಒಂದರಲ್ಲಿ 'ಮತ್ತೆ ಪ್ರಯತ್ನಿಸಿ', ಇನ್ನೊಂದರಲ್ಲಿ 'ಬಿಟ್ಟುಬಿಡಿ'.

ಕಾಂತಿ "ಅಯ್ಯೋ ದೇವೆರೆ!" ಎಂದು ದುಬೈಗೆ ಫೋನ್ ಮಾಡಲು ಒಳಗೆ ಓಡಿದಳು. ನಾನು ಎರಡು ಗುಂಡಿಗಳಿಂದಲೂ ಬೆರಳನ್ನು ದೂರ ಹಿಡಿದೆ. ಆ ಜಗಲಿಯಲ್ಲಿ ಗಾಬರಿಯಾಗದೆ ಇದ್ದವರು ಮುಂಡಪ್ಪಣ್ಣ ಒಬ್ಬರೇ.

"ಬಿಟ್ಟುಬಿಡಿ ಅಂತ ಉಂಟಲ್ಲ, ಅದನ್ನು ಒತ್ತಿ ಸಾಹಿತಿಗಳೇ," ಎಂದರು. "ಅವರೂ ಪಾಪ ಎಷ್ಟೂಂತ ಪ್ರಯತ್ನ ಮಾಡುವುದು."

ಇಷ್ಟು ಹೇಳಿ ಅವರು ಕುರ್ಚಿಯಲ್ಲೇ ಒಂದು ಬದಿಗೆ ವಾಲಿದರು. ರಿಕ್ಷಾದಲ್ಲಿ ಹಾಕಿಕೊಂಡು ಅದೇ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಪರೀಕ್ಷಿಸಿ, ಹೃದಯ ನಲವತ್ತರ ಪ್ರಾಯದವರ ಹಾಗೆ ಉಂಟು, ನಿನ್ನೆಯ ರಿಪೋರ್ಟೂ ಚೆನ್ನಾಗಿ ಉಂಟು, ಬಿ.ಪಿ. ಮಾತ್ರ ಇದ್ದಕ್ಕಿದ್ದಂತೆ ಏರಿದೆ, ಕಾರಣ ತಿಳಿಯುವುದಿಲ್ಲ ಎಂದರು. ಕಾರಣ ನನಗೆ ತಿಳಿದಿತ್ತು. ಓದು. ಓದಿನಿಂದ ಮನುಷ್ಯನ ಮೇಲೆ ಇಷ್ಟು ಪರಿಣಾಮ ಆಗುವುದನ್ನು ಇಪ್ಪತ್ತೈದು ವರ್ಷಗಳಲ್ಲಿ ನಾನು ನೋಡಿದ್ದು ಅದೇ ಮೊದಲು.

ಆಸ್ಪತ್ರೆಯ ಮ್ಯಾನೇಜರ್ ರಮಾನಾಥ ಒಳ್ಳೆಯ ಮನುಷ್ಯ. ದುಬೈಯಿಂದ ಜಿತೇಶ್ ಹನ್ನೆರಡು ನಿಮಿಷ ಮಾತಾಡಿದ್ದನ್ನು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನು ಮಿಜಾರಿನ ಒಂದು ಕಂಪೆನಿಯಲ್ಲಿ ಮಾಡಿಸಿದ್ದು. ಎರಡು ವರ್ಷ ಕಷ್ಟಪಟ್ಟು ಮಾಡಿದ್ದಾರೆ, ಇಲ್ಲ ಹೇಳುವುದಿಲ್ಲ. ಎರಡು ವಾರ ಟೈಮ್ ಕೊಡ್ತೇನೆ. ಮುಂಡಪ್ಪಣ್ಣ ಅವರ ಕೈಯಾರೆ ಫೋನ್ ಒತ್ತಿ ರಿಪೋರ್ಟ್ ಓದಿದ್ರೆ ಆ್ಯಪ್ ಇರ್ತದೆ. ಇಲ್ಲದಿದ್ರೆ ತೆಗೆದು ಬಿಸಾಡಿ ಮೊದಲಿನ ಹಾಗೆ ಕಾಗದ ಕೊಡುವ."

ಸಂಜೆ ಮನೆಗೆ ಬಂದ ಮುಂಡಪ್ಪಣ್ಣ ಫೋನನ್ನು ಟವೆಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು. "ಅದು ಇನ್ನು ಕೆಳಗೆ ಬರುವುದಿಲ್ಲ," ಎಂದರು.

ಮರುದಿನ ನಾನು ಮೂಡುಬಿದಿರೆಯ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮಿಜಾರು. ಒಂದು ಬೇಕರಿಯ ಮಾಳಿಗೆಯಲ್ಲಿ ಎಂಟು ಜನ ಎಂಟು ಕಂಪ್ಯೂಟರುಗಳ ಎದುರು ಕುಳಿತಿದ್ದರು. ಕೆಳಗಿನಿಂದ ಬನ್ನಿನ ಪರಿಮಳ ಬರುತ್ತಿತ್ತು. ಈ ಪರಿಮಳದಲ್ಲಿ ಕುಳಿತು ಒಬ್ಬ ಮನುಷ್ಯನಿಗೆ ನಿರ್ಗಮಿಸಿ ಎಂದು ಬರೆಯಲು ಮನಸ್ಸಾದರೂ ಹೇಗೆ ಬಂತು ಎಂದು ಕೇಳಬೇಕೆಂದುಕೊಂಡೆ.

"ಆಸ್ಪತ್ರೆಯದ್ದು ಮಾಡಿದ್ದು ಯಾರು?"

ಕಿಟಕಿಯ ಬಳಿಯಿಂದ ಮೂವತ್ತೊಂದು ಮೂವತ್ತೆರಡರ ಒಬ್ಬ ಹೆಂಗಸು ಎದ್ದು ನಿಂತಳು. ಬೂದು ಬಣ್ಣದ ತಲೆವಸ್ತ್ರ, ಕನ್ನಡಕ. ರಮಾನಾಥರ ಫೋನ್ ಅವಳಿಗೆ ಆಗಲೇ ತಲುಪಿತ್ತೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ನಾನೇ. ಶಹನಾಝ್." ಕುರ್ಚಿಯ ಬೆನ್ನು ಹಿಡಿದು ಕೇಳಿದಳು: "ಅವರು... ಇದ್ದಾರಲ್ಲ?"

"ಇದ್ದಾರೆ. ಗಂಜಿ ಉಂಡು ಮಲಗಿದ್ದಾರೆ."

ಅವಳು ಕುರ್ಚಿ ಎಳೆದು ಕುಳಿತು, ನನಗೂ ಒಂದು ಕುರ್ಚಿ ತೋರಿಸಿದಳು. ಸಿದ್ಧಕಟ್ಟೆಯಲ್ಲಿ ಹೊಂದಿಸಿದ ಶಬ್ದಗಳು ನನ್ನ ಬಾಯಿಯಲ್ಲೇ ಉಳಿದವು.

ಆದದ್ದು ಇಷ್ಟು. ಆ್ಯಪಿನಲ್ಲಿ ನಾನೂರ ಹನ್ನೆರಡು ವಾಕ್ಯಗಳು. ಎಲ್ಲ ಇಂಗ್ಲಿಷಿನಲ್ಲಿ ಬರೆದಾಗಿತ್ತು. ಕನ್ನಡವೂ ಬೇಕು, ಶುಕ್ರವಾರದೊಳಗೆ ಬೇಕು ಎಂದಾಗ ಎಲ್ಲವನ್ನೂ ಅನುವಾದದ ಯಂತ್ರಕ್ಕೆ ಹಾಕಿ, ಬಂದದ್ದನ್ನು ಒಟ್ಟಿಗೆ ಅಂಟಿಸಿದ್ದಳು. ನೀವು ತುಂಬಾ ಹೊತ್ತು ಮುಟ್ಟದೆ ಇದ್ದರೆ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಂಡರೆ ಬರೆದದ್ದು 'ಸೇವ್' ಆಗುವುದಿಲ್ಲ, ಅಂದರೆ ಉಳಿಯುವುದಿಲ್ಲ. ಇಷ್ಟನ್ನೇ ಅದು ಮುಂಡಪ್ಪಣ್ಣನಿಗೆ ಹೇಳಹೊರಟದ್ದು.

"'ಸೆಷನ್ ಎಕ್ಸ್‌ಪೈರ್ಡ್' ಅಂತ ನಾವು ದಿನಕ್ಕೆ ನೂರು ಸಲ ನೋಡ್ತೇವೆ. ಕನ್ನಡದಲ್ಲಿ ಬರೆದದ್ದನ್ನು ನೋಡುವಾಗಲೂ ನನ್ನ ಕಣ್ಣು ಇಂಗ್ಲಿಷನ್ನೇ ಓದಿತು." ಅವಳು ಪಟ್ಟಿಯನ್ನು ನನ್ನ ಕಡೆ ತಿರುಗಿಸಿದಳು. "ಉಳಿದದ್ದನ್ನೂ ನೋಡಿ. ನಿನ್ನೆಯಿಂದ ಓದ್ತಾ ಇದ್ದೇನೆ. ನಂಗೇ ಹೆದರಿಕೆ ಆಗ್ತದೆ."

ನೋಡಿದೆ. ಲ್ಯಾಬಿಗೆ ರಕ್ತ ಕೊಟ್ಟವರಿಗೆ: 'ನಿಮ್ಮ ರಕ್ತವನ್ನು ಯಶಸ್ವಿಯಾಗಿ ಸ್ವೀಕರಿಸಲಾಗಿದೆ. ಧನ್ಯವಾದಗಳು.' ಡಾಕ್ಟರಿಗೆ ಏನೂ ಬರೆಯದೆ ಸಂದೇಶ ಕಳುಹಿಸಿದವರಿಗೆ: 'ದೇಹ ಖಾಲಿಯಾಗಿದೆ.' ಸಂದೇಶದ ಒಳಗಿನ ಬರಹಕ್ಕೆ ಇಂಗ್ಲಿಷಿನಲ್ಲಿ 'ಬಾಡಿ' ಎಂದು ಹೆಸರಂತೆ. ಮುಂಡಪ್ಪಣ್ಣ ಸ್ವಲ್ಪದರಲ್ಲಿ ಪಾರಾದರು ಎಂದು ಅನ್ನಿಸಿತು.

"ನನ್ನ ಅಜ್ಜಿಗೆ ಗೊತ್ತಾದ್ರೆ ಮನೆಯೊಳಗೆ ಸೇರಿಸುವುದಿಲ್ಲ," ಎಂದಳು. "ನಾನು ಗಟ್ಟಿಯಾಗಿ ಓದ್ಲಿಲ್ಲ. ಒಂದು ಸಲ ಗಟ್ಟಿಯಾಗಿ ಓದಿದ್ದಿದ್ರೆ ಗೊತ್ತಾಗ್ತಿತ್ತು."

ಅವಳಿಗೆ ಧೈರ್ಯ ತುಂಬುವುದಕ್ಕಾಗಿ ನಾನು ಯಾರೆಂದು ಹೇಳಿದೆ. ಬರೆಯುವವನೊಬ್ಬ ಜೊತೆಗಿದ್ದಾನೆ ಎಂದು ಸಮಾಧಾನ ಆಗಲಿ ಎಂದು ಪತ್ರಿಕೆಯ ಹೆಸರೂ ಹೇಳಿದೆ. ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು.

"ಅಲ್ಲಾಹ್! ಅದು ನೀವಾ? ನಿಮ್ಮದನ್ನು ನಾನು ಏಳನೇ ವರ್ಷದಿಂದ ಓದಿದ್ದೇನೆ."

ಐವತ್ತೈದರ ಪ್ರಾಯದಲ್ಲಿ ಇಂಥ ಮಾತು ಕೇಳಿದರೆ ಮನುಷ್ಯನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ನನ್ನದೂ ಆಯಿತು.

"ಎಲ್ಲವನ್ನೂ?"

"ಅರ್ಧರ್ಧ," ಎಂದಳು. "ಹೆಚ್ಚಾಗಿ ಮೇಲಿನ ಅರ್ಧ."

ಕೇಳಬಾರದಿತ್ತು. ಕೇಳಿದೆ.

ಅವಳ ಅಪ್ಪ ಅಬ್ದುಲ್ ಮಜೀದ್ ಅವರದು ಮಡಂತ್ಯಾರಿನ ಪೇಟೆಯಲ್ಲಿ ಜಿನಸಿನ ಅಂಗಡಿ. ಆಗ ಅಂಗಡಿಯ ಸಾಮಾನು ಎಲ್ಲ ಕಾಗದದ ಪೊಟ್ಟಣದಲ್ಲಿ. ಹಳೆಯ ಪತ್ರಿಕೆಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಮನೆಯ ಹಿಂದಿನ ಚಾವಡಿಯಲ್ಲಿ ಅಜ್ಜಿ ಜೈನಬಮ್ಮ ಮೈದಾದ ಅಂಟು ಕಾಯಿಸಿ, ಹಾಳೆಗಳನ್ನು ಎರಡು ಪಾಲು ಮಾಡಿ, ಪೊಟ್ಟಣ ಅಂಟಿಸುತ್ತಿದ್ದರು. ಜೈನಬಮ್ಮನಿಗೆ ಅರಬಿ ಅಕ್ಷರ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಮನೆಮಾತು ಬ್ಯಾರಿ. ಕೈ ತುಂಬ ಅಂಟು, ಕಿವಿ ಮಾತ್ರ ಖಾಲಿ. ಶಾಲೆಯಿಂದ ಬಂದ ಮೊಮ್ಮಗಳು ಪಕ್ಕದಲ್ಲಿ ಕುಳಿತು, ಅಂಟಿಸುವ ಮೊದಲು ಪ್ರತಿಯೊಂದು ಹಾಳೆಯನ್ನೂ ಗಟ್ಟಿಯಾಗಿ ಓದಬೇಕು. ಓದಿ ಬ್ಯಾರಿಯಲ್ಲಿ ಹೇಳಬೇಕು.

ಹೇಳಿ ಮುಗಿಸಿದ ಕೂಡಲೇ ಜೈನಬಮ್ಮ ಕೇಳುವ ಪ್ರಶ್ನೆ ಒಂದೇ: "ಇದನ್ನು ಯಾರು ಹೇಳುವುದು, ಯಾರಿಗೆ ಹೇಳುವುದು?"

ಉತ್ತರ ಸಿಕ್ಕಿದರೆ ಆ ಹಾಳೆ ಸಕ್ಕರೆಗೆ, ಖರ್ಜೂರಕ್ಕೆ. ಯಾರು ಯಾರಿಗೆ ಹೇಳುತ್ತಿದ್ದಾರೆಂದೇ ತಿಳಿಯದಿದ್ದರೆ ಮೆಣಸಿನ ಹುಡಿಗೆ. ಟೆಂಡರ್ ನೋಟೀಸುಗಳು, ಮಂತ್ರಿಗಳ ಭಾಷಣಗಳು, ಇಲಾಖೆಯ ಪ್ರಕಟಣೆಗಳು ಎಲ್ಲ ಮೆಣಸಿನ ಹುಡಿಗೆ ಹೋಗುತ್ತಿದ್ದವಂತೆ. ಹೀಗೆ ವಿಂಗಡಿಸುವುದು ಏಳನೇ ವರ್ಷದಲ್ಲಿ ಶಹನಾಝಳ ತಲೆಗೆ ಹೊಕ್ಕಿತು.

"ನನ್ನದು?" ಎಂದೆ. ಖರ್ಜೂರ ಎಂಬ ನಿರೀಕ್ಷೆಯಿತ್ತು.

ಶಹನಾಝ್ ಮೇಜಿನ ಮೇಲಿದ್ದ ಪೆನ್ನನ್ನು ಸರಿಮಾಡಿದಳು. "ಒಣಮೀನಿಗೆ."

"ಒಣಮೀನಿಗೆ?"

"ಬೇಜಾರು ಮಾಡ್ಬೇಡಿ ಸರ್. ನಿಮ್ಮದು ಉದ್ದ ಇರ್ತಿತ್ತು. ಬಂಗುಡೆಗೆ ಸರಿ ಆಗ್ತಿತ್ತು."

ಎರಡನೆಯ ಆಘಾತ ಎಂದೆನಲ್ಲ, ಅದು ಇದು. ನನ್ನ ಅಭಿಮಾನಿಗಳು ಬೆಳ್ತಂಗಡಿ ತಾಲೂಕಿನ ಮನೆಮನೆಯಲ್ಲೂ ಇದ್ದಾರೆಂದು ನಾನು ಅನೇಕ ಸಭೆಗಳಲ್ಲಿ ಹೇಳಿದ್ದಿದೆ. ಸುಳ್ಳಲ್ಲ ಎಂದಾಯಿತು.

ಅರ್ಧ ಹಾಳೆಗಳನ್ನು ಓದಿ ಬೆಳೆದದ್ದರಿಂದ ಅವಳಿಗೆ ಯಾವ ಕಥೆಯ ಕೊನೆಯೂ ಗೊತ್ತಿರಲಿಲ್ಲ. ಧಾರಾವಾಹಿಯಲ್ಲಿ ಬಾಗಿಲು ತಟ್ಟಿದ ಶಬ್ದವಾದರೆ ಬಾಗಿಲ ಹೊರಗೆ ಯಾರಿದ್ದರೆಂಬುದು ಬೇರೆ ಯಾರದ್ದೋ ಮನೆಗೆ ಉದ್ದಿನಬೇಳೆಯ ಜೊತೆ ಹೋಗಿರುತ್ತಿತ್ತು. ಅಜ್ಜಿ, ಮೊಮ್ಮಗಳು ಸೇರಿ ಕೊನೆಯನ್ನು ಕಟ್ಟುತ್ತಿದ್ದರು. ಮುಂದೆ ಪೇಟೆಗೆ ಪ್ಲಾಸ್ಟಿಕ್ ತೊಟ್ಟೆ ಬಂತು, ಪೊಟ್ಟಣ ನಿಂತಿತು, ಅವಳ ಓದೂ ನಿಂತಿತು. ಆಮೇಲೆ ಬೆಳ್ತಂಗಡಿಯ ಗ್ರಂಥಾಲಯದಿಂದ ಮೊದಲ ಬಾರಿ ಒಂದು ಇಡೀ ಪುಸ್ತಕ ತಂದು ಓದಿದಾಗ, ಕೊನೆಯ ಪುಟದಲ್ಲಿ ಕಥೆ ಮುಗಿದದ್ದನ್ನು ನೋಡಿ ಗಾಬರಿಯಾಯಿತಂತೆ. "ಅವರೇ ಮುಗಿಸಿಬಿಟ್ಟಿದ್ರು! ಮೋಸ ಮಾಡಿದ ಹಾಗೆ ಅನ್ನಿಸಿತು."

ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ದಿನ ಲೆಕ್ಚರರು, ಮಾಹಿತಿಯನ್ನು ತುಂಡು ತುಂಡು ಮಾಡಿ ಪ್ಯಾಕೆಟ್ಟುಗಳಲ್ಲಿ ಕಳುಹಿಸುತ್ತಾರೆ, ದಾರಿಯಲ್ಲಿ ಕೆಲವು ಕಳೆದುಹೋಗುತ್ತವೆ, ಈಚೆ ಕಡೆಯಲ್ಲಿ ಪಡೆಯುವವರು ಸಿಕ್ಕಿದ್ದನ್ನು ಜೋಡಿಸಿ, ಸಿಗದ್ದನ್ನು ಮತ್ತೆ ಕೇಳಿ ತರಿಸಿಕೊಳ್ಳಬೇಕು ಎಂದು ಪಾಠ ಮಾಡಿದರು. ಎಲ್ಲರೂ ಬರೆದುಕೊಂಡರು. ಶಹನಾಝ್ ಒಬ್ಬಳೇ ನಕ್ಕು, ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡಳು. ಹತ್ತು ವರ್ಷ ಒಣಮೀನಿನ ವಾಸನೆಯಲ್ಲಿ ಮಾಡಿದ್ದನ್ನೇ ಅವರು ಬೋರ್ಡಿನಲ್ಲಿ ಬರೆದಿದ್ದರು. ಆ ವಿಷಯದಲ್ಲಿ ಅವಳಿಗೆ ಕಾಲೇಜಿಗೇ ಹೆಚ್ಚು ಮಾರ್ಕು ಬಂತು.

ನಾನು ಎದ್ದು ಹೊರಡುವಾಗ ಕೇಳಿದಳು: "ಸರ್, ಒಂದು ಲೇಖನ ಇತ್ತು ನಿಮ್ಮದು. ನೆಂಟನದ್ದು. ನಮ್ಮೂರಿನಲ್ಲಿ ಹೊರಡುವವನು 'ಹೋಗ್ತೇನೆ' ಅನ್ನುವುದಿಲ್ಲ, 'ಬರ್ತೇನೆ' ಅನ್ನುತ್ತಾನೆ. ಆ ನೆಂಟ ನಾಲ್ಕು ಸಲ 'ಬರ್ತೇನೆ' ಅಂತಾನೆ, ಅಂದು ಗೇಟಿನ ಹತ್ತಿರ ನಿಲ್ತಾನೆ. ಅಲ್ಲಿಗೆ ಹಾಳೆ ಮುಗಿಯಿತು. ಅವನು ಹೋದನಾ?"

ನನಗೆ ನೆನಪಿರಲಿಲ್ಲ. ಲೇಖನವೇ ನೆನಪಿರಲಿಲ್ಲ.

"ಅಜ್ಜಿ ಈಗಲೂ ಕೇಳ್ತಾರೆ," ಎಂದಳು.

ಭಾನುವಾರ ಮಡಂತ್ಯಾರಿನ ಅದೇ ಚಾವಡಿಯಲ್ಲಿ ನಾವು ಮೂವರು ಕುಳಿತೆವು. ಎಂಬತ್ತನಾಲ್ಕರ ಜೈನಬಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ನಾನೂರ ಹನ್ನೆರಡು ವಾಕ್ಯಗಳನ್ನೂ ಹೊಸದಾಗಿ ಬರೆದು ಅವರಿಗೆ ಗಟ್ಟಿಯಾಗಿ ಓದಿ ಹೇಳುವುದು ಎಂದು ಶಹನಾಝ್ ನಿಶ್ಚಯಿಸಿದ್ದಳು. ನಾನು ಸಹಾಯಕ್ಕೆ ಹೋದವನು. ಬರಿಗೈಯಲ್ಲಿ ಹೋಗಬಾರದೆಂದು ಹಿಂದಿನ ದಿನವೇ ಕುಳಿತು ಹತ್ತು ವಾಕ್ಯಗಳನ್ನು ಸ್ವಂತವಾಗಿ ರಚಿಸಿಕೊಂಡಿದ್ದೆ.

ಅವಧಿ ಮುಗಿದದ್ದಕ್ಕೆ ನನ್ನದು ಹೀಗಿತ್ತು: 'ತಮ್ಮ ಬೆರಳಿನ ಸ್ಪರ್ಶವಿಲ್ಲದೆ ಈ ಪರದೆಯು ಕಾದು ಕಾದು ಬಳಲಿ ವಿರಮಿಸಿದೆ.'

ಶಹನಾಝ್ ಅದನ್ನು ಬ್ಯಾರಿಗೆ ತಿರುಗಿಸಿದಳು. ಜೈನಬಮ್ಮ ಹುರುಳಿ ಆರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿ ಏನೋ ಕೇಳಿದರು.

"ಏನಂತೆ?"

"ಯಾರು ಸತ್ತದ್ದು ಅಂತ ಕೇಳ್ತಾರೆ."

ಉಳಿದ ಒಂಬತ್ತನ್ನು ನಾನು ಕಿಸೆಯಿಂದ ತೆಗೆಯಲಿಲ್ಲ. ಶಹನಾಝಳದು ಹೀಗಿತ್ತು: 'ನೀವು ಸ್ವಲ್ಪ ಹೊತ್ತು ಫೋನ್ ಮುಟ್ಟಲಿಲ್ಲ. ನಿಮ್ಮ ರಿಪೋರ್ಟನ್ನು ಬೇರೆಯವರು ನೋಡಬಾರದೆಂದು ಬಾಗಿಲು ಹಾಕಿದ್ದೇವೆ. ಒಳಗೆ ಬರಲು ಇಲ್ಲಿ ಒತ್ತಿ. ರಿಪೋರ್ಟ್ ಕೌಂಟರಿನಿಂದ.'

"ಯಾರು ಹೇಳುವುದು?"

"ಕೌಂಟರಿನವರು."

"ಯಾರಿಗೆ?"

"ಮುಂಡಪ್ಪಣ್ಣನಿಗೆ."

"ಸಕ್ಕರೆ," ಎಂದರು ಜೈನಬಮ್ಮ.

ಗುಟ್ಟಿನ ಸಂಖ್ಯೆ ತಪ್ಪಾಗಿ ಹಾಕಿದವರನ್ನು ಯಂತ್ರವು 'ಅಮಾನ್ಯ ವ್ಯಕ್ತಿ' ಎಂದಿತ್ತು. ಶಹನಾಝ್ ಅದನ್ನು 'ಸಂಖ್ಯೆ ಸರಿಯಾಗಲಿಲ್ಲ. ಎಲ್ಲರಿಗೂ ಮರೆಯುತ್ತದೆ. ಇನ್ನೊಮ್ಮೆ ನೋಡುವ' ಎಂದು ಮಾಡಿದ್ದಳು. ರಿಪೋರ್ಟ್ ಬಂದಾಗ ಬರುವ ವಾಕ್ಯಕ್ಕೆ ಒಂದು ಗಂಟೆ ಹಿಡಿಯಿತು. ಕೊನೆಗೆ ಆದದ್ದು: 'ರಿಪೋರ್ಟ್ ಬಂದಿದೆ. ಡಾಕ್ಟರು ನೋಡಿದ್ದಾರೆ. ಅವಸರದ ವಿಷಯ ಇದ್ದರೆ ಅವರೇ ಫೋನ್ ಮಾಡುತ್ತಾರೆ. ಮಾಡದಿದ್ದರೆ ನೀವು ನಿಧಾನಕ್ಕೆ ಓದಿ.' ನಡುವೆ ಊಟವಾಯಿತು, ನಮಾಜಾಯಿತು, ಸಂಜೆಯ ಹೊತ್ತಿಗೆ ಮುನ್ನೂರ ಎಂಬತ್ತು ಸಕ್ಕರೆ, ಮೂವತ್ತು ಚಿಲ್ಲರೆ ಮೆಣಸಿನ ಹುಡಿ. ಮೆಣಸಿನ ಹುಡಿಯೆಲ್ಲ ಮತ್ತೆ ಬರೆಯಲ್ಪಟ್ಟಿತು. ಕೊನೆಗೆ ಒಂದೇ ಒಂದು ಉಳಿಯಿತು. 'ನಿರ್ಗಮಿಸಿ.' ಎಲ್ಲ ನೋಡಿ ಆದ ಮೇಲೆ ಆ್ಯಪಿನಿಂದ ಹೊರಬರಲು ಒತ್ತುವ ಗುಂಡಿ ಅದು.

"ಇದು ಸುಲಭ," ಎಂದ ಶಹನಾಝ್ ನನ್ನ ಕಡೆ ನೋಡಿ ನಕ್ಕಳು. "ನಿಮ್ಮ ನೆಂಟ ಇದ್ದಾನಲ್ಲ." ಗುಂಡಿಯ ಮೇಲೆ 'ಬರ್ತೇನೆ' ಎಂದು ಬರೆದಳು. ನನ್ನ ಬರಹದ ಒಂದು ಶಬ್ದ ಒಣಮೀನಿನಿಂದ ಹೊರಗೆ ಬಂದು ಬದುಕಿತಲ್ಲ ಎಂದು ಆ ಗುಂಡಿಯನ್ನು ನಾನೇ ಎರಡು ಸಲ ಗಟ್ಟಿಯಾಗಿ ಓದಿದೆ.

ಗುರುವಾರ ಮುಂಡಪ್ಪಣ್ಣನ ಬಿ.ಪಿ. ನೋಡಲು ಆಸ್ಪತ್ರೆಗೆ ಹೋಗುವುದಿತ್ತು. ರಮಾನಾಥರು ಕೊಟ್ಟ ಎರಡು ವಾರದ ಗಡುವಿಗೆ ಇನ್ನು ಐದು ದಿನ. ಶಹನಾಝ್ ಲ್ಯಾಪ್‌ಟಾಪ್ ಹಿಡಿದುಕೊಂಡು ಮಿಜಾರಿನಿಂದ ಬಂದಿದ್ದಳು. ಮುಂಡಪ್ಪಣ್ಣ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದಾಗ ಅವರ ಎದುರು ಹೋಗಿ ನಿಂತಳು.

"ತಪ್ಪಾಯ್ತು. ಅದನ್ನು ಬರೆದದ್ದು ನಾನು."

ಮುಂಡಪ್ಪಣ್ಣ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ನೀನಾ ಮಗಳೇ ನನಗೆ ನಿರ್ಗಮಿಸು ಹೇಳಿದ್ದು? ಯಮನ ಆಫೀಸಿನಲ್ಲಿ ಗಡ್ಡ ಮೀಸೆಯವರು ಇರ್ತಾರೆ ಅಂತ ಎಣಿಸಿದ್ದೆ." ಆದರೆ ಹೊಸದನ್ನು ನೋಡಿ ಎಂದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಅದೊಂದು ಬೇಡ."

ರಮಾನಾಥರ ಕೋಣೆಯಲ್ಲಿ ಹೊಸ ವಾಕ್ಯಗಳನ್ನು ತೋರಿಸಿದೆವು. ಅವರು ಒಂದೊಂದಾಗಿ ಓದಿ ತಲೆಯಾಡಿಸಿದರು. ಕೊನೆಯ ಗುಂಡಿಗೆ ಬಂದಾಗ ಎದ್ದೇ ನಿಂತರು.

"'ಬರ್ತೇನೆ'? ಏನು ಹೇಳ್ತೀರಿ ನೀವು? ಇದು ಆಸ್ಪತ್ರೆ ಮಾರಾಯ್ರೆ! ಇಲ್ಲಿಂದ ಹೋಗುವವರು ಯಾರಾದ್ರೂ 'ಬರ್ತೇನೆ' ಅಂತಾರಾ? ನಮ್ಮ ಸಿಸ್ಟರ್‌ಗಳು ಕೂಡ 'ಪುನಃ ಬನ್ನಿ' ಹೇಳುವುದಿಲ್ಲ, ಬಾಯಿ ತಪ್ಪಿ ಹೇಳಿದ್ರೆ ಪೇಷೆಂಟಿನ ಕಡೆಯವರು ಜಗಳಕ್ಕೆ ಬರ್ತಾರೆ."

ಹೌದಲ್ಲ! ಮನೆಯಿಂದ ಹೊರಡುವವನು 'ಹೋಗ್ತೇನೆ' ಎನ್ನಬಾರದು, ಅದು ಅಶುಭ. ಆಸ್ಪತ್ರೆಯಿಂದ ಹೊರಡುವವನು 'ಬರ್ತೇನೆ' ಎನ್ನಬಾರದು, ಅದು ಅದಕ್ಕಿಂತ ಅಶುಭ. ಹಾಗಾದರೆ ನಮ್ಮ ಜನ ಆಸ್ಪತ್ರೆಯಿಂದ ಹೊರಡುವುದಾದರೂ ಹೇಗೆ? ನೆಂಟನ ಮೇಲೆ ಇಡೀ ಲೇಖನ ಬರೆಯುವಾಗ ನನಗೆ ಇದು ಹೊಳೆದಿರಲಿಲ್ಲ. ಬದುಕಿದ್ದ ನನ್ನ ಒಂದು ಶಬ್ದವೂ ನನ್ನ ಕಣ್ಣೆದುರೇ ಪ್ರಾಣ ಬಿಟ್ಟಿತು.

"ಮುಕ್ತಾಯ?" ಎಂದೆ.

"ಬೇಡವೇ ಬೇಡ!" ಎಂದರು ರಮಾನಾಥ.

"ಸಾಕು?"

"ಯಾರಿಗೆ ಸಾಕು? ಯಾರು ಹೇಳುವುದು?" ಎಂದಳು ಶಹನಾಝ್. ಅಜ್ಜಿಯೇ ಕೇಳಿದ ಹಾಗಿತ್ತು.

ಅಷ್ಟು ಹೊತ್ತಿಗೆ ಬಾಗಿಲ ಹೊರಗೆ ಡಾಕ್ಟರ ಕೋಣೆಯಿಂದ ಮುಂಡಪ್ಪಣ್ಣ ಬಂದರು. ಬಿ.ಪಿ. ಇಳಿದಿತ್ತು. ಕಾಂತಿ ಅವರ ಚಪ್ಪಲಿಯನ್ನು ಕಾಲ ಹತ್ತಿರ ಸರಿಸಿ, "ಎಲ್ಲ ಆಯ್ತಂತೆ ಮಾವ. ಮನೆಗೆ ಹೋಗುವ," ಎಂದಳು.

ಆ ಮಾತು ಕೇಳಿ ಬೆಂಚಿನಲ್ಲಿದ್ದ ಮೂರು ನಾಲ್ಕು ಮಂದಿ ತಿರುಗಿ ನೋಡಿದರು. ಆ ನೋಟದಲ್ಲಿದ್ದ ಆಸೆ ರಮಾನಾಥರಿಗೂ ಕಂಡಿತು. ಆಸ್ಪತ್ರೆಯಲ್ಲಿ ಕುಳಿತವರಿಗೆ ಇದಕ್ಕಿಂತ ಒಳ್ಳೆಯ ವಾಕ್ಯ ಭಾಷೆಯಲ್ಲೇ ಇಲ್ಲ. ಶಹನಾಝ್ 'ಬರ್ತೇನೆ'ಯನ್ನು ಅಳಿಸಿ 'ಮನೆಗೆ ಹೋಗುವ' ಎಂದು ಬರೆದಳು.

"ಇದು ಇರಲಿ," ಎಂದರು ರಮಾನಾಥ. "ಆದ್ರೆ ನನ್ನ ಮಾತು ಮಾತೇ. ಅವರು ಕೈಯಾರೆ ಒತ್ತಬೇಕು."

ಒತ್ತಬೇಕಾದ ಫೋನು ಟವೆಲಿನಲ್ಲಿ ಕಪಾಟಿನ ಮೇಲೆಯೇ ಇತ್ತು. ಶುಕ್ರವಾರ, ಶನಿವಾರ, ಭಾನುವಾರ ಕಳೆಯಿತು. ದಿನಕ್ಕೆ ಎರಡು ಸಲ ಶಹನಾಝ್ ನನಗೆ ಫೋನ್ ಮಾಡುತ್ತಿದ್ದಳು, ನಾನು ದಿನಕ್ಕೆ ಎರಡು ಸಲ ಕಾಂಪೌಂಡಿನ ಮೇಲಿಂದ ಇಣುಕಿ ನೋಡುತ್ತಿದ್ದೆ. ಸೋಮವಾರ ಸಂಜೆ, ಗಡುವಿಗೆ ಒಂದು ದಿನ ಇರುವಾಗ, ನಾನೇ ಹೋಗಿ ಜಗಲಿಯಲ್ಲಿ ಕುಳಿತೆ. ಶಹನಾಝಳ ಪೊಟ್ಟಣದ ಕಥೆಯನ್ನೆಲ್ಲ ಹೇಳಿದೆ. ಒಣಮೀನಿನ ಭಾಗಕ್ಕೆ ಬಂದಾಗ ಮುಂಡಪ್ಪಣ್ಣ ಎರಡು ವಾರಗಳಲ್ಲಿ ಮೊದಲ ಬಾರಿ ನಕ್ಕರು. ನಗು ನಿಲ್ಲಲಿಲ್ಲ. ಕಣ್ಣೊರೆಸಿಕೊಂಡು, "ಬಂಗುಡೆಗಾ? ಕಾಂತಿ, ಕೇಳಿದಿಯಾ, ಸಾಹಿತಿಗಳ ಲೇಖನ ಬಂಗುಡೆಗೆ!" ಎಂದು ಒಳಗೆ ಕೂಗಿ ಹೇಳಿದರು. ಇಪ್ಪತ್ತೈದು ವರ್ಷಗಳಲ್ಲಿ ಅವರು ನನ್ನಿಂದಾಗಿ ಇಷ್ಟು ನಕ್ಕದ್ದು ಅದೇ ಮೊದಲು.

"ಆ ಹುಡುಗಿ ಏನು ಬರೆದಿದ್ದಾಳೆ ನೋಡುವ," ಎಂದರು. "ತೆಗೆ ಕಾಂತಿ ಅದನ್ನು."

ಕಾಂತಿ ಟವೆಲು ಬಿಚ್ಚಿ, ಫೋನನ್ನು ಚಾರ್ಜಿಗೆ ಹಾಕಿ, ಅಂದು ಅರ್ಧಕ್ಕೆ ನಿಂತಿದ್ದ ಹೆಸರು, ಹುಟ್ಟಿದ ದಿನ ತುಂಬಿಸಿ, ಮಾವನ ಎದುರಿಟ್ಟು ಒಳಗೆ ಹೋದಳು. ಮುಂಡಪ್ಪಣ್ಣ ಹೆಬ್ಬೆರಳಿನಿಂದ, ಬಿಸಿ ಕಾವಲಿಯನ್ನು ಮುಟ್ಟುವ ಹಾಗೆ, ಒತ್ತಿದರು. ಬಾಗಿಲು ಹಾಕಿದ್ದೇವೆ ಎಂಬುದು ಬಂತು. ತಲೆಯಾಡಿಸಿದರು. ಒಳಗೆ ಹೋದರು. ರಿಪೋರ್ಟ್ ಬಂದಿದೆ, ಡಾಕ್ಟರು ನೋಡಿದ್ದಾರೆ, ನಿಧಾನಕ್ಕೆ ಓದಿ. ನಿಧಾನಕ್ಕೇ ಓದಿದರು. ಎರಡು ಸಲ ಓದಿದರು. ನಾನು ಮೆಲ್ಲನೆ ಶಹನಾಝಳಿಗೆ ಫೋನ್ ಹಚ್ಚಿ, "ಓದ್ತಾ ಇದ್ದಾರೆ," ಎಂದು ಪಿಸುಗುಟ್ಟಿದೆ.

ಅಷ್ಟರಲ್ಲಿ ಮುಂಡಪ್ಪಣ್ಣನ ಮುಖ ಬದಲಾಯಿತು. ಬೆರಳು ಗಾಳಿಯಲ್ಲೇ ನಿಂತಿತು.

"ಸಾಹಿತಿಗಳೇ, ಇದೆಂಥದು? 'ಮನೆಗೆ ಹೋಗುವ' ಅಂತ ಉಂಟು."

"ಹೌದು. ಕೆಲಸ ಮುಗಿದ ಮೇಲೆ ಒತ್ತುವುದು."

"ನಾನು ಮನೆಯಲ್ಲೇ ಇದ್ದೇನಲ್ಲ. ಮನೆಯಲ್ಲಿ ಕೂತವನನ್ನು ಮನೆಗೆ ಹೋಗುವ ಅಂತ ಕರೀತದಲ್ಲ, ಇದು ಯಾವ ಮನೆ?"

ಒಳಗೆ ಕಾಂತಿಯ ಕೈಯಿಂದ ಪಾತ್ರೆ ಬಿತ್ತು. ಮೂರು ಜನ ಬುದ್ಧಿವಂತರು ಸೇರಿ ಒಪ್ಪಿದ ವಾಕ್ಯ! ಆಸ್ಪತ್ರೆಯ ಬೆಂಚಿನಲ್ಲಿ ಅಮೃತದ ಹಾಗಿದ್ದದ್ದು ಸ್ವಂತ ಜಗಲಿಯಲ್ಲಿ ಎಪ್ಪತ್ತೆರಡರ ಮನುಷ್ಯನಿಗೆ ಹೀಗೆ ಕೇಳಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಕಿವಿಯಲ್ಲಿದ್ದ ಫೋನಿಗೆ "ಕೇಳಿತಾ?" ಎಂದೆ.

"ಯಾರು ಹೇಳುವುದು, ಯಾರಿಗೆ ಹೇಳುವುದು..." ಎಂದು ಶಹನಾಝ್ ತನ್ನಷ್ಟಕ್ಕೆ ಹೇಳಿಕೊಂಡಳು. ಮಡಂತ್ಯಾರಿನ ಚಾವಡಿಯಲ್ಲಿ ಹಾಳೆಯ ಅರ್ಧ ಸಿಗದೆ ಹೋದಾಗ ಅವಳು ಹೀಗೇ ಹೇಳಿಕೊಳ್ಳುತ್ತಿದ್ದಳೋ ಏನೋ.

"ಸರ್, ಸ್ಪೀಕರಿಗೆ ಹಾಕಿ," ಎಂದಳು. ಹಾಕಿದೆ. "ಮುಂಡಪ್ಪಣ್ಣ, ಅದನ್ನು ಯಾರು ಹೇಳುವುದು ಗೊತ್ತುಂಟಾ? ಆ್ಯಪ್ ಹೇಳುವುದು. ಅದು ನಿಮ್ಮಲ್ಲಿಗೆ ನೆಂಟ ಬಂದದ್ದು. ಅದಕ್ಕೆ ಈಗ ಅದರ ಮನೆಗೆ ಹೋಗ್ಬೇಕು. ನೀವು ಒತ್ತಿದ್ರೆ ಮಾತ್ರ ಹೋಗ್ಲಿಕ್ಕೆ ಆಗುವುದು."

ಮುಂಡಪ್ಪಣ್ಣ ಫೋನನ್ನು ಇನ್ನೊಮ್ಮೆ ನೋಡಿದರು. ಈ ಸಲ ಅವರು ನೋಡಿದ್ದು ಗೇಟಿನ ಬಳಿ ನಿಂತಿರುವ ಮನುಷ್ಯನನ್ನು ನೋಡುವ ಹಾಗೆ.

"ಹಾಗೆ ಹೇಳು ಮತ್ತೆ," ಎಂದರು. "ಹೋಗಲಿ ಪಾಪ. ಅದಕ್ಕೂ ಹೊತ್ತಾಯ್ತು." ಮತ್ತು ಒತ್ತಿದರು.

ಪರದೆ ಖಾಲಿಯಾಯಿತು.

"ಹೋಯ್ತಾ ಸರ್?" ಎಂದಳು ಶಹನಾಝ್.

"ಹೋಯಿತು," ಎಂದೆ. "ಅಜ್ಜಿಗೂ ಹೇಳು. ಆ ನೆಂಟ ಹೋದ."